ಹೊಡೆದವರು ಸಿಗಲಿಲ್ಲ ಅಂತ ಕೇಸ್ ಮುಚ್ಚುತ್ತಿದ್ದಾರೆ. ತಮ್ಮನಿಗೆ ಪರಿಹಾರ ಸಿಗುತ್ತದೆಯೇ?

ಇಂಡಿ ಅಕ್ಕ
ಎಲ್ಲರಿಗೂ ನಮಸ್ಕಾರ. ನಾನು ಇಂಡಿ ತಾಲೂಕಿನವಳು. ಇಲ್ಲಿ ಬರೆಯುವುದು ಇದೇ ಮೊದಲು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ತಮ್ಮ ಟಂಟಂ ಓಡಿಸುತ್ತಿದ್ದ. ಹೋದ ವರ್ಷ ಯುಗಾದಿಗೆ ನಾಲ್ಕು ದಿನ ಇರುವಾಗ, ರಾತ್ರಿ ವಿಜಯಪುರದಿಂದ ಖಾಲಿ ಗಾಡಿ ತರುತ್ತಿದ್ದ. ದಾರಿಯಲ್ಲಿ ಮೂವರು ಕೈ ಮಾಡಿದರು. ಬಾಡಿಗೆ ಸಿಕ್ಕಿತು ಅಂತ ನಿಲ್ಲಿಸಿದ. ರಾಡಿನಿಂದ ಹೊಡೆದು ರೊಕ್ಕ, ಮೊಬೈಲ್ ಕಿತ್ತುಕೊಂಡು ಹೋದರು. ಬಲಗೈ ಎರಡು ಕಡೆ ಮುರಿಯಿತು. ಎಡಗಣ್ಣು ಹೋಯಿತು.

ಆಸ್ಪತ್ರೆಗೆ ಎತ್ತಿನ ಜೋಡಿ ಮಾರಿದೆವು. ಅವ್ವನ ಬೋರಮಾಳ ಸರ ಇನ್ನೂ ಅಡವಿನಲ್ಲಿದೆ. ಟಂಟಂ ಸಾಲದ ಕಂತು ಕಟ್ಟಲಾಗದೆ ಗಾಡಿಯೂ ಹೋಯಿತು. ಈಗ ಕೋರ್ಟಿನಿಂದ ನೋಟಿಸ್ ಬಂದಿದೆ. ಆರೋಪಿಗಳು ಪತ್ತೆಯಾಗಿಲ್ಲ, ಪೊಲೀಸರು "ಸಿ ರಿಪೋರ್ಟ್" ಹಾಕಿದ್ದಾರೆ, ನಿಮ್ಮ ತಕರಾರು ಇದ್ದರೆ ಹೇಳಿ ಅಂತ ಇದೆ.

ನಮ್ಮ ಓಣಿಯ ಒಬ್ಬರು, ಕೋರ್ಟಿನಲ್ಲಿ ನೊಂದವರಿಗೆ ಅಂತ ಒಂದು ನಿಧಿ ಇದೆ, ಅರ್ಜಿ ಹಾಕಿ ಎಂದರು. ಇನ್ನೊಬ್ಬರು, ಆರೋಪಿಗೆ ಶಿಕ್ಷೆ ಆದರೆ ಮಾತ್ರ ಅದು ಸಿಗುತ್ತದೆ ಎಂದರು. ಯಾವುದು ನಿಜ? ತಮ್ಮನಿಗೆ 29 ವರ್ಷ. ಎರಡು ಸಣ್ಣ ಮಕ್ಕಳಿದ್ದಾರೆ.

ಗುಮ್ಮಟದ ನೆರಳು
ಅಕ್ಕಾ, ಓದಿ ಹೊಟ್ಟೆ ಉರಿಯಿತು. ಗೊತ್ತಿರುವವರು ಬೇಗ ಹೇಳಿ.

ಹೊಳೆದಂಡೆ
ಶಿಕ್ಷೆ ಆಗಬೇಕು. ನಮ್ಮ ದೊಡ್ಡಪ್ಪನ ಮಗನ ಕೇಸಿನಲ್ಲಿ ಜಡ್ಜ್ ತೀರ್ಪು ಕೊಟ್ಟು, ದಂಡದಲ್ಲಿ ಇಷ್ಟು ಗಾಯಾಳುವಿಗೆ ಕೊಡಿ ಎಂದರು. ಆರೋಪಿಯೇ ಇಲ್ಲ ಅಂದರೆ ದಂಡ ಎಲ್ಲಿಂದ ಬರಬೇಕು?

ಕರಿ ಕೋಟು
ಹೊಳೆದಂಡೆ ಅಣ್ಣಾ, ನೀವು ಹೇಳುವುದು ಬೇರೆ, ಅಕ್ಕ ಕೇಳುತ್ತಿರುವುದು ಬೇರೆ. ಎರಡನ್ನೂ ಒಂದೇ ಅಂದುಕೊಂಡೇ ನಮ್ಮ ಕಡೆ ಎಷ್ಟೋ ಜನ ಅರ್ಜಿಯನ್ನೇ ಹಾಕುವುದಿಲ್ಲ. ನಾನು ವಕೀಲ, ಹನ್ನೊಂದು ವರ್ಷದಿಂದ ಈ ಕೆಲಸದಲ್ಲಿದ್ದೇನೆ.

ಮೊದಲನೆಯದು, ಅಪರಾಧಿಯ ಜೇಬಿನಿಂದ ಬರುವ ಹಣ. ಕ್ರಿಮಿನಲ್ ಕೇಸ್ ಹೇಗೆ ನಡೆಸಬೇಕು ಅಂತ ಹೇಳುವ ಹಳೆಯ ಕಾನೂನು ಸಿಆರ್‌ಪಿಸಿಯಲ್ಲಿ ಅದು 357ನೇ ಕಲಂ, ಅದರ ಬದಲಿಗೆ ಬಂದ ಈಗಿನ ಬಿಎನ್‌ಎಸ್‌ಎಸ್‌ನಲ್ಲಿ 395. ಅದಕ್ಕೆ ಶಿಕ್ಷೆ ಆಗಲೇಬೇಕು.

ಎರಡನೆಯದು, ರಾಜ್ಯ ಸರ್ಕಾರ ಇಟ್ಟಿರುವ ಪರಿಹಾರ ನಿಧಿ. ಇದಕ್ಕಾಗಿ 357ಎ ಅಂತ ಹೊಸ ಕಲಂ ಸೇರಿಸಿದರು. ಅದು 2009ರ ಡಿಸೆಂಬರ್ 31ರಿಂದ ಜಾರಿಗೆ ಬಂತು. ಅದರಂತೆ ಕರ್ನಾಟಕ 2011ರಲ್ಲಿ ತನ್ನ ಯೋಜನೆ ಮಾಡಿತು. 2024ರ ಜುಲೈ 1ರಿಂದ ಇದೇ ಮಾತು ಬಿಎನ್‌ಎಸ್‌ಎಸ್ 396ರಲ್ಲಿದೆ.

ಅಕ್ಕಾ, ನಿಮಗೆ ಬೇಕಾದದ್ದು ಅದರ ನಾಲ್ಕನೇ ಉಪಕಲಂ. ಅಪರಾಧ ಮಾಡಿದವರು ಯಾರು ಅಂತ ಗೊತ್ತಾಗಿಲ್ಲ, ವಿಚಾರಣೆಯೂ ನಡೆದಿಲ್ಲ, ಆದರೆ ನೊಂದವರು ಯಾರು ಅಂತ ಗೊತ್ತಿದೆ. ಹಾಗಿದ್ದರೆ ನೊಂದವರೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ನೇರವಾಗಿ ಅರ್ಜಿ ಹಾಕಬಹುದು. ನಿಮ್ಮ ತಮ್ಮನ ಸ್ಥಿತಿ ಇದೇ ಅಲ್ವಾ? ಅರ್ಜಿ ಬಂದ ಮೇಲೆ ಪ್ರಾಧಿಕಾರ ವಿಚಾರಿಸಿ ಎರಡು ತಿಂಗಳ ಒಳಗೆ ತೀರ್ಮಾನ ಮಾಡಬೇಕು ಅಂತಲೂ ಕಾನೂನೇ ಹೇಳುತ್ತದೆ.

ಕೈಯಲ್ಲಿರುವ ಆ ನೋಟಿಸನ್ನು ಜೋಪಾನವಾಗಿ ಇಡಿ. ಆರೋಪಿ ಸಿಕ್ಕಿಲ್ಲ ಅನ್ನುವುದಕ್ಕೆ ಅದೇ ನಿಮ್ಮ ದಾಖಲೆ.

ಇಂಡಿ ಅಕ್ಕ
ಸರ, ನಾವು ಆ ನೋಟಿಸ್ ನೋಡಿ ಎಲ್ಲ ಮುಗಿಯಿತು ಅಂತ ಅಳುತ್ತಾ ಕುಳಿತಿದ್ದೆವು. ಸಿ ರಿಪೋರ್ಟ್ ಅಂದರೆ ನಾವು ಸುಳ್ಳು ಕೇಸ್ ಕೊಟ್ಟೆವು ಅಂತ ಅರ್ಥವೇ? ಊರಲ್ಲಿ ಹಾಗೆ ಮಾತಾಡುತ್ತಿದ್ದಾರೆ.

ಕರಿ ಕೋಟು
ಅಲ್ಲವೇ ಅಲ್ಲ. ಸುಳ್ಳು ಅಥವಾ ತಪ್ಪು ತಿಳಿವಳಿಕೆ ಅಂತ ಮುಚ್ಚಿದರೆ ಅದು ಬಿ ರಿಪೋರ್ಟ್. ಘಟನೆ ನಡೆದದ್ದು ನಿಜ, ಮಾಡಿದವರು ಸಿಗಲಿಲ್ಲ ಅಂದರೆ ಸಿ ರಿಪೋರ್ಟ್. ಊರಲ್ಲಿ ಯಾರಾದರೂ ಕೇಳಿದರೆ ಧೈರ್ಯವಾಗಿ ಇದನ್ನೇ ಹೇಳಿ. ನಾಳೆ ಆ ಮೂವರು ಬೇರೆ ಯಾವುದೋ ಕೇಸಿನಲ್ಲಿ ಸಿಕ್ಕಿಬಿದ್ದರೆ ಪೊಲೀಸರು ಇದರ ತನಿಖೆಯನ್ನೂ ಮುಂದುವರಿಸಬಹುದು. ಬಾಗಿಲು ಮುಚ್ಚಿಲ್ಲ.

ಹೊಳೆದಂಡೆ
ನನಗೆ ಇದು ಗೊತ್ತಿರಲಿಲ್ಲ, ಒಪ್ಪಿದೆ. ಆದರೂ ಒಂದು ಮಾತು ಕೇಳುತ್ತೇನೆ. ಹೊಡೆದವನು ಯಾರೋ, ಕೊಡುವುದು ಜನರ ತೆರಿಗೆ ಹಣ. ಇದು ಸರಿಯೇ? ಹೊಡೆದವನ ಹೊಲ ಹರಾಜು ಹಾಕಿ ಕೊಡಬೇಕು. ಆಗ ಬುದ್ಧಿ ಬರುತ್ತದೆ.

ರೊಟ್ಟಿ ಬುತ್ತಿ
ಹೊಲ ಇದ್ದವನಾದರೆ ಹರಾಜು ಹಾಕಿ. ಇಲ್ಲದವನಾದರೆ? ಹೊಡೆಸಿಕೊಂಡವನು ಅವನ ಹೊಲ ಬರುವ ತನಕ ಕಾಯಬೇಕೇ? ಆಸ್ಪತ್ರೆಯವರು ಕಾಯುತ್ತಾರೆಯೇ?

ಘಟಪ್ರಭಾ
ಗೋಕಾಕ ಕಡೆಯವನು ನಾನು. ರೊಟ್ಟಿ ಬುತ್ತಿಯವರ ಮಾತಿಗೆ ನನ್ನದೂ ಸೇರಿಸಿ. ರಸ್ತೆಯಲ್ಲಿ ರಾತ್ರಿ ಓಡಾಡುವವನನ್ನು ಕಾಪಾಡುವುದು ಸರ್ಕಾರದ ಕೆಲಸ. ಕಾಪಾಡಲು ಆಗಲಿಲ್ಲ. ಮಾಡಿದವರನ್ನು ಹಿಡಿಯಲೂ ಆಗಲಿಲ್ಲ. ಎರಡೂ ಆಗದಿದ್ದ ಮೇಲೆ ಕನಿಷ್ಠ ಅವನ ಔಷಧದ ಖರ್ಚನ್ನಾದರೂ ಕೊಡಬೇಕು. ಇದು ಭಿಕ್ಷೆ ಅಲ್ಲ, ಬಾಕಿ.

ನಿವೃತ್ತ ಶಿರಸ್ತೇದಾರ
ಮೂವತ್ತು ವರ್ಷ ಕೋರ್ಟಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಬಾಗಲಕೋಟೆ ಜಿಲ್ಲೆ. ಹೊಳೆದಂಡೆಯವರು ಹೇಳಿದ ಮೊದಲ ಬಗೆಯ ಹಣದ ಬಗ್ಗೆ ಸ್ವಲ್ಪ ಬರೆಯುತ್ತೇನೆ. ಕಣ್ಣಾರೆ ಕಂಡದ್ದು.

ತೀರ್ಪಿನ ದಿನ ಮನೆಯವರೆಲ್ಲ ಕೋರ್ಟಿನಲ್ಲಿ ತುಂಬಿರುತ್ತಾರೆ. ಜಡ್ಜ್ ಸಾಹೇಬರು ಇಷ್ಟು ವರ್ಷ ಶಿಕ್ಷೆ ಅಂದ ತಕ್ಷಣ ಅಳುವವರು ಅಳುತ್ತಾರೆ, ಕೈ ಮುಗಿಯುವವರು ಮುಗಿಯುತ್ತಾರೆ, ಎಲ್ಲರೂ ಹೊರಗೆ ಹೋಗುತ್ತಾರೆ. ಆಮೇಲೆ ಓದುವ ನಾಲ್ಕು ಸಾಲನ್ನು ಯಾರೂ ಕೇಳುವುದಿಲ್ಲ. ದಂಡದ ಹಣದಲ್ಲಿ ಇಷ್ಟನ್ನು ಗಾಯಾಳುವಿಗೆ ಅಥವಾ ಸತ್ತವರ ಹೆಂಡತಿಗೆ ಕೊಡತಕ್ಕದ್ದು ಅಂತ ಇರುವುದು ಅಲ್ಲೇ. ಅದಕ್ಕೇ ಹೇಳುತ್ತೇನೆ, ತೀರ್ಪಿನ ನಕಲು ತೆಗೆದುಕೊಳ್ಳಿ, ಕೊನೆಯ ಪುಟ ಓದಿಸಿ.

ಇನ್ನೊಂದು ಸಂಕಟ. ಅಪೀಲಿನ ಅವಧಿ ಮುಗಿಯುವ ತನಕ ಆ ಹಣ ಕೊಡುವ ಹಾಗಿಲ್ಲ. ಅಪೀಲು ಹಾಕಿದರೆ ಅದು ತೀರ್ಮಾನ ಆಗುವವರೆಗೂ ಕಾಯಬೇಕು. ಅಷ್ಟರಲ್ಲಿ ವರ್ಷಗಳು ಹೋಗುತ್ತವೆ. ನಮ್ಮ ಭಾಗದಲ್ಲಿ ಆಲಮಟ್ಟಿ ಹಿನ್ನೀರಿಗೆ ಊರುಗಳೇ ಸ್ಥಳ ಬದಲಿಸಿವೆ. ಹಳೇ ಬಾಗಲಕೋಟೆಯಿಂದ ನವನಗರಕ್ಕೆ, ಮುಳುಗಿದ ಹಳ್ಳಿಗಳಿಂದ ಪುನರ್ವಸತಿ ಕೇಂದ್ರಗಳಿಗೆ ಜನ ಹೋದರು. ಕೇಸಿನ ಕಾಗದದಲ್ಲಿ ಹಳೆಯ ವಿಳಾಸವೇ ಉಳಿಯಿತು. ನಾನು ಕೆಲಸ ಮಾಡಿದ ಒಂದು ಕೋರ್ಟಿನಲ್ಲಿ ಒಬ್ಬ ತಾಯಿಯ ಹೆಸರಿನ ಹಣ ಹೀಗೇ ಬಿದ್ದಿತ್ತು. ನೋಟಿಸ್ ಎರಡು ಸಲ "ಈ ವಿಳಾಸದಲ್ಲಿ ಇಲ್ಲ" ಅಂತ ವಾಪಸ್ ಬಂತು. ಊರಿನ ಹೆಸರೇ ಇದೆ, ಊರು ನೀರಿನೊಳಗಿದೆ. ಕೊನೆಗೆ ಅವರ ಬೀಗರೊಬ್ಬರು ಬೇರೆ ಕೆಲಸಕ್ಕೆ ಕೋರ್ಟಿಗೆ ಬಂದಾಗ ಮಾತಿಗೆ ಮಾತು ಬಂದು ಗೊತ್ತಾಯಿತು. ಆ ಅಮ್ಮ ಬಂದು ಸಹಿ ಹಾಕಿದ ದಿನ ನನಗೆ ಇವತ್ತಿಗೂ ನೆನಪಿದೆ. ಮಗ ಸತ್ತು ಒಂಬತ್ತು ವರ್ಷ ಆಗಿತ್ತು.

ಮನೆ ಬದಲಿಸಿದರೆ ಕೋರ್ಟಿಗೆ ಹೊಸ ವಿಳಾಸ, ಫೋನ್ ನಂಬರ್ ಬರೆದು ಕೊಡಿ. ದಯವಿಟ್ಟು.

ಗುಮ್ಮಟದ ನೆರಳು
ಕಾಕಾ, ಊರು ನೀರಿನೊಳಗಿದೆ ಅನ್ನುವ ಮಾತು ಓದಿ ಸುಮ್ನೆ ಕುಳಿತುಬಿಟ್ಟೆ.

ನವನಗರದವಳು
ನಾನು ಇದರಲ್ಲಿ ಮಾತಾಡಬೇಕೋ ಬೇಡವೋ ಅಂತ ಮೂರು ಸಲ ಬರೆದು ಅಳಿಸಿದೆ. ನನ್ನ ಯಜಮಾನರನ್ನು ಜಾಗದ ಜಗಳದಲ್ಲಿ ಕೊಂದರು. ಐದು ವರ್ಷ ಕೇಸ್ ನಡೆಯಿತು. ಕಣ್ಣಾರೆ ನೋಡಿದವರು ಕೋರ್ಟಿನಲ್ಲಿ ನಮಗೇನೂ ಗೊತ್ತಿಲ್ಲ ಎಂದರು. ಆರೋಪಿಗಳೆಲ್ಲ ಬಿಡುಗಡೆಯಾದರು. ಅವತ್ತು ನನಗೆ ಬದುಕೇ ಬೇಡ ಅನಿಸಿತ್ತು.

ಆದರೆ ಜಡ್ಜ್ ಅದೇ ತೀರ್ಪಿನಲ್ಲಿ, ಕೊಲೆ ಆಗಿದ್ದು ನಿಜ, ಈ ಹೆಣ್ಣುಮಗಳಿಗೆ ಮಕ್ಕಳನ್ನು ಸಾಕಲು ನೆರವು ಬೇಕು ಅಂತ ಪ್ರಾಧಿಕಾರಕ್ಕೆ ಶಿಫಾರಸು ಬರೆದಿದ್ದರು. ಪಿಪಿ ಮೇಡಂ, ಅಂದರೆ ಸರ್ಕಾರಿ ವಕೀಲರು, ಕರೆದು ತೋರಿಸಿದ ಮೇಲೆ ಗೊತ್ತಾಯಿತು. ಅರ್ಜಿ ಹಾಕಿದೆ. ಹಣ ಬಂತು. ಒಂದು ಭಾಗವನ್ನು ಮಕ್ಕಳ ಹೆಸರಿಗೆ ಠೇವಣಿ ಇಟ್ಟರು. ಎಷ್ಟು ಅಂತ ಇಲ್ಲಿ ಹೇಳುವುದಿಲ್ಲ. ಊರಲ್ಲಿ "ಗಂಡನ ಜೀವಕ್ಕೆ ರೊಕ್ಕ ಎಣಿಸಿಕೊಂಡಳು" ಅಂದವರು ಇದ್ದಾರೆ.

ನಾನು ಆ ಹಣದಲ್ಲಿ ಎರಡು ಹೊಲಿಗೆ ಮಿಷಿನ್ ತೆಗೆದುಕೊಂಡೆ. ಇಳಕಲ್ ಸೀರೆಗೆ ಕುಚ್ಚು ಹಾಕುತ್ತೇನೆ, ಜಂಪರ್ ಹೊಲಿಯುತ್ತೇನೆ. ಮಗಳು ಈಗ ಪಿಯುಸಿ. ಇಂಡಿ ಅಕ್ಕಾ, ಅರ್ಜಿ ಹಾಕಿ. ಯಾರ ಮಾತೂ ಕೇಳಬೇಡಿ.

ಕರಿ ಕೋಟು
ಅಕ್ಕಾ, ನೀವು ಬರೆದದ್ದು ತುಂಬಾ ಜನರಿಗೆ ದಾರಿ ತೋರಿಸುತ್ತದೆ. ಉಳಿದವರು ಗಮನಿಸಿ. ಆರೋಪಿ ಬಿಡುಗಡೆಯಾದರೂ, ದಂಡದಿಂದ ಕೊಟ್ಟ ಪರಿಹಾರ ಸಾಲದಿದ್ದರೂ, ವಿಚಾರಣೆ ಮಾಡಿದ ಕೋರ್ಟ್ ಹೀಗೆ ಶಿಫಾರಸು ಮಾಡಬಹುದು. ಅದೇ ಕಲಮಿನ ಮೂರನೇ ಉಪಕಲಂ. 2013ರಲ್ಲಿ ಅಂಕುಶ್ ಶಿವಾಜಿ ಗಾಯಕ್‌ವಾಡ್ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಪ್ರತಿ ಕ್ರಿಮಿನಲ್ ಕೇಸಿನಲ್ಲೂ ಪರಿಹಾರದ ಬಗ್ಗೆ ಕೋರ್ಟ್ ಯೋಚಿಸಲೇಬೇಕು ಅಂತ ಹೇಳಿದೆ. ಕೊಟ್ಟ ಪರಿಹಾರ ಕಡಿಮೆ ಅನಿಸಿದರೆ ನೊಂದವರೇ ಅಪೀಲು ಹಾಕುವ ಹಕ್ಕೂ ಇದೆ.

ಹೊಳೆದಂಡೆ
ನವನಗರದ ಅಕ್ಕಾ, ತೆರಿಗೆ ಹಣ ಅಂತ ನಾನು ಬರೆದದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಹರಾಜಿನ ಮಾತು ಮಾತ್ರ ಬಿಡುವುದಿಲ್ಲ. ಎರಡೂ ಆಗಬೇಕು.

ಕುಂದಾನಗರಿ
ಒಂದು ಎಚ್ಚರಿಕೆ. ಬೆಳಗಾವಿಯಲ್ಲಿ ನಮ್ಮ ಪರಿಚಯದವರಿಗೆ ಒಬ್ಬ ಏಜೆಂಟ್, "ಪರಿಹಾರ ಮಾಡಿಸಿಕೊಡುತ್ತೇನೆ, ಬಂದದ್ದರಲ್ಲಿ ನೂರಕ್ಕೆ ಇಪ್ಪತ್ತು ಕೊಡಿ, ಮೊದಲು ಎಂಟು ಸಾವಿರ ಖರ್ಚಿಗೆ ಇಡಿ" ಅಂದ. ಅವರು ಕೊಟ್ಟರು. ಎಂಟು ಸಾವಿರವೂ ಹೋಯಿತು, ಆಸ್ಪತ್ರೆ ಬಿಲ್ಲಿನ ಮೂಲ ಪ್ರತಿಗಳೂ ಹೋದವು. ಅರ್ಜಿಯನ್ನು ಯಾರೂ ಹಾಕಿರಲೇ ಇಲ್ಲ. ಇಂಡಿ ಅಕ್ಕಾ, ಮೂಲ ಕಾಗದವನ್ನು ಯಾರ ಕೈಗೂ ಕೊಡಬೇಡಿ.

ಗುಮ್ಮಟದ ನೆರಳು
ಅರ್ಜಿಗೆ ಫೀ ಎಷ್ಟು?

ಕರಿ ಕೋಟು
ಕೋರ್ಟ್ ಫೀ ಇಲ್ಲ. ವಕೀಲರನ್ನು ಹಿಡಿಯಲೇಬೇಕು ಅಂತಲೂ ಇಲ್ಲ. ಕನ್ನಡದಲ್ಲಿ ಬರೆದು ಕೊಟ್ಟರೆ ಆಯಿತು. ಬರೆಯಲು ಬರದಿದ್ದರೆ ಪ್ರಾಧಿಕಾರದಲ್ಲೇ ಜನರಿಗೆ ನೆರವಾಗುವ ಅರೆಕಾನೂನು ಸ್ವಯಂಸೇವಕರು ಬರೆದು ಕೊಡುತ್ತಾರೆ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ ಕೇಳಬಹುದು.

ಪ್ರಾಧಿಕಾರದ ಕಚೇರಿ ಜಿಲ್ಲಾ ಕೋರ್ಟ್ ಆವರಣದಲ್ಲೇ ಇರುತ್ತದೆ. ಅದರ ಅಧ್ಯಕ್ಷರು ಪ್ರಧಾನ ಜಿಲ್ಲಾ ನ್ಯಾಯಾಧೀಶರು. ಸದಸ್ಯ ಕಾರ್ಯದರ್ಶಿಯೂ ನ್ಯಾಯಾಧೀಶರೇ. ವಿಜಯಪುರಕ್ಕೆ ಪದೇ ಪದೇ ಹೋಗುವುದು ಕಷ್ಟವಾದರೆ ಮೊದಲು ಇಂಡಿ ಕೋರ್ಟಿನಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ.

ಅರ್ಜಿಯ ಜೊತೆ ಇಡಬೇಕಾದ ಕಾಗದಗಳು: ಎಫ್‌ಐಆರ್ ನಕಲು, ಆ ನೋಟಿಸ್, ಗಾಯದ ಸರ್ಟಿಫಿಕೇಟ್, ಡಿಸ್ಚಾರ್ಜ್ ಚೀಟಿ, ಬಿಲ್ಲುಗಳು, ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್. ಕಣ್ಣು ಹೋಗಿದೆ ಅಂದಿರಿ, ಹಾಗಾಗಿ ಅಂಗವಿಕಲತೆಯ ಸರ್ಟಿಫಿಕೇಟ್ ಬಹಳ ಮುಖ್ಯ. ಹಿಂದೆ ಎಷ್ಟು ದುಡಿಯುತ್ತಿದ್ದ, ಈಗ ಯಾಕೆ ಆಗುತ್ತಿಲ್ಲ, ಯಾರು ಯಾರು ಅವನನ್ನು ನಂಬಿದ್ದಾರೆ ಅಂತ ಬಿಚ್ಚಿ ಬರೆಯಿರಿ. ಇಷ್ಟು ದಿನ ಯಾಕೆ ತಡವಾಯಿತು ಅನ್ನುವುದನ್ನೂ ಬರೆಯಿರಿ. ಇನ್ನು ತಡ ಮಾಡಬೇಡಿ.

ಭೀಮೆ ಮಗ
ನಮ್ಮ ಮಾವನಿಗೆ ಹೈವೇಯಲ್ಲಿ ಯಾವುದೋ ಗಾಡಿ ಗುದ್ದಿ ಹೋಯಿತು. ನಂಬರ್ ಯಾರೂ ನೋಡಿಲ್ಲ. ತೀರಿಕೊಂಡರು. ಅದಕ್ಕೂ ಇದೇ ಅರ್ಜಿಯೇ?

ಘಟಪ್ರಭಾ
ಅದಕ್ಕೆ ಬೇರೆ ದಾರಿ ಇದೆ. ಗುದ್ದಿ ಓಡಿದ ವಾಹನ ಸಿಗದಿದ್ದರೆ 2022ರ ಏಪ್ರಿಲ್ 1ರಿಂದ ಹೊಸ ಯೋಜನೆ. ಸತ್ತರೆ 2 ಲಕ್ಷ, ಭಾರೀ ಗಾಯವಾದರೆ 50 ಸಾವಿರ. ಮೊದಲು 25 ಸಾವಿರ ಮತ್ತು ಹನ್ನೆರಡೂವರೆ ಸಾವಿರ ಇತ್ತು. ಅರ್ಜಿ ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿ ಕಡೆ ಹೋಗಬೇಕು, ಕೋರ್ಟಿಗಲ್ಲ. ನನ್ನ ತಂಗಿಯ ಮೈದುನನಿಗೆ ಹೀಗೇ ಆಗಿತ್ತು, ಅದಕ್ಕೇ ಗೊತ್ತು.

ಕರಿ ಕೋಟು
ಸರಿಯಾಗಿ ಹೇಳಿದಿರಿ. ವಾಹನ ಯಾವುದು ಅಂತ ಗೊತ್ತಾದರೆ ಮಾತ್ರ ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬೇಕು. ಅಲ್ಲಿ ಮೊತ್ತ ಜಾಸ್ತಿ ಬರುತ್ತದೆ. ಭೀಮೆ ಮಗ, ಡಾಬಾ, ಪೆಟ್ರೋಲ್ ಬಂಕ್ ಕ್ಯಾಮೆರಾ ನೋಡಿದರಾ ಅಂತ ಠಾಣೆಯಲ್ಲಿ ಮತ್ತೊಮ್ಮೆ ಕೇಳಿ.

ರೊಟ್ಟಿ ಬುತ್ತಿ
ನಮ್ಮ ಚಿಕ್ಕಮ್ಮನ ತಾಳಿ ಸರ ಕದ್ದಿದ್ದರು. ಕಳ್ಳ ಸಿಕ್ಕ, ಸರವೂ ಸಿಕ್ಕಿತು. ಎರಡು ವರ್ಷದಿಂದ ಸರ್ಕಾರದ ವಶದಲ್ಲಿದೆ. ಈ ನಿಧಿಯಿಂದ ಏನಾದರೂ ಬರುತ್ತದೆಯೇ?

ನಿವೃತ್ತ ಶಿರಸ್ತೇದಾರ
ತಂಗೀ, ನಿಧಿ ಅದಕ್ಕಲ್ಲ. ಕೇಸ್ ಮುಗಿಯುವ ತನಕ ಕಾಯುವುದೂ ಬೇಡ. ಜಪ್ತಿ ಮಾಡಿದ ಮಾಲನ್ನು ಮಧ್ಯಂತರವಾಗಿ ಬಿಟ್ಟುಕೊಡಿ ಅಂತ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಿಸಿ. ಫೋಟೋ ತೆಗೆದು, ಪಂಚನಾಮೆ ಮಾಡಿ, ಬಾಂಡ್ ಬರೆಸಿಕೊಂಡು ಕೊಡುತ್ತಾರೆ. ಮಾಲು ಠಾಣೆಯಲ್ಲಿ ಕೊಳೆಯಬಾರದು ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ತಾಳಿ ಎರಡು ವರ್ಷ ಕೊರಳಲ್ಲಿ ಇಲ್ಲದೆ ಆ ತಾಯಿ ಎಷ್ಟು ನೊಂದಿರಬೇಕು.

ಗುಮ್ಮಟದ ನೆರಳು
ಚಿಟ್ ಫಂಡ್‌ನವರು ಮೋಸ ಮಾಡಿದ್ದರೆ?

ಮೇಲ್ವಿಚಾರಕರು
ಚಿಟ್ ಫಂಡ್, ಠೇವಣಿದಾರರ ಕಾಯ್ದೆ 2004 ಇವಕ್ಕೆ ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಇಂಡಿ ಅಕ್ಕನ ವಿಷಯ ಕಳೆದುಹೋಗುತ್ತದೆ. ಇನ್ನೊಂದು ಮಾತು. ಲೈಂಗಿಕ ದೌರ್ಜನ್ಯದ ಕೇಸಿನ ಬಗ್ಗೆ ಕೇಳುವವರು ಹೆಸರು, ಊರು, ಶಾಲೆ ಏನನ್ನೂ ಬರೆಯಬೇಡಿ. ಅದು ಕಾನೂನಿನ ಪ್ರಕಾರ ಅಪರಾಧ. ಅಂಥ ಎರಡು ಪೋಸ್ಟ್ ತೆಗೆದಿದ್ದೇವೆ.

ಕರಿ ಕೋಟು
ಆ ಪೋಸ್ಟ್ ಹಾಕಿದವರಿಗೆ ಉತ್ತರ ಇಲ್ಲೇ ಕೊಡುತ್ತೇನೆ, ಏಕೆಂದರೆ ಅವರಿಗೆ ತುರ್ತಾಗಿ ಬೇಕು. ಮಗುವಿನ ಕೇಸಾದರೆ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾಯ್ದೆ) ವಿಶೇಷ ಕೋರ್ಟ್, ಎಫ್‌ಐಆರ್ ಆದ ಮೇಲೆ ಯಾವ ಹಂತದಲ್ಲಾದರೂ ಮಧ್ಯಂತರ ಪರಿಹಾರಕ್ಕೆ ಆದೇಶ ಮಾಡಬಹುದು. ತೀರ್ಪಿಗೆ ಕಾಯಬೇಕಿಲ್ಲ. ಆದೇಶ ಆದ 30 ದಿನದಲ್ಲಿ ಸರ್ಕಾರ ಹಣ ಕೊಡಬೇಕು. ಹೆಣ್ಣುಮಕ್ಕಳಿಗೆ 2018ರಿಂದ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ಪ್ರತ್ಯೇಕ ಯೋಜನೆ ಇದೆ. ಅದರಲ್ಲಿ ಅತ್ಯಾಚಾರಕ್ಕೆ 4ರಿಂದ 7 ಲಕ್ಷ, ಜೀವ ಹೋದರೆ 5ರಿಂದ 10 ಲಕ್ಷ ಅಂತ ಇದೆ. ಅತ್ಯಾಚಾರ ಮತ್ತು ಆಸಿಡ್ ದಾಳಿಗೆ ಒಳಗಾದವರಿಗೆ ಯಾವುದೇ ಆಸ್ಪತ್ರೆ, ಖಾಸಗಿಯಾದರೂ, ತಕ್ಷಣ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು. ಮೊದಲು ಹಣ ಕಟ್ಟಿ ಅನ್ನುವ ಹಾಗಿಲ್ಲ.

ಹೊಳೆದಂಡೆ
ಅರ್ಜಿ ತಿರಸ್ಕಾರ ಆದರೆ ಇಂಡಿ ಅಕ್ಕ ಧಾರವಾಡ ಹೈಕೋರ್ಟಿಗೆ ಹೋಗಬೇಕಾಗುತ್ತದೆ ಅಲ್ವಾ?

ಕರಿ ಕೋಟು
ವಿಜಯಪುರ ಜಿಲ್ಲೆ ಕಲಬುರಗಿ ಪೀಠಕ್ಕೆ ಸೇರುತ್ತದೆ. ಬೆಳಗಾವಿ, ಬಾಗಲಕೋಟೆ ಧಾರವಾಡಕ್ಕೆ. ಆದರೆ ಅಕ್ಕನಿಗೆ ಈಗಲೇ ಆ ಚಿಂತೆ ಬೇಡ.

ನವನಗರದವಳು
ನನ್ನದೊಂದು ಪ್ರಶ್ನೆ, ಯಾರಾದರೂ ಉತ್ತರ ಕೊಡಿ. ಕೇಸ್ ಮುಚ್ಚುವ ನೋಟಿಸ್ ಕೊಡುವಾಗ ಅದರ ಕೆಳಗೇ "ನೀವು ಪರಿಹಾರಕ್ಕೆ ಅರ್ಜಿ ಹಾಕಬಹುದು, ವಿಳಾಸ ಇದು" ಅಂತ ಎರಡು ಸಾಲು ಸೇರಿಸಲು ಏನು ಕಷ್ಟ? ನನಗೆ ಪಿಪಿ ಮೇಡಂ ಹೇಳಿದರು. ಹೇಳುವವರು ಇಲ್ಲದವರ ಗತಿ ಏನು? ಗುದ್ದಿ ಓಡಿದ ಗಾಡಿ ಕೇಸಿನಲ್ಲಿ ಪೊಲೀಸರು ಪರಿಹಾರದ ಬಗ್ಗೆ ಬರೆದು ತಿಳಿಸಬೇಕು ಅಂತ ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ ಅಂತ ಓದಿದ್ದೆ. ಹೊಡೆದು ಕಣ್ಣು ಕಳೆದವರಿಗೂ, ಕೊಲೆಯಾದವರ ಮನೆಯವರಿಗೂ ಹಾಗೇ ಬರೆದು ಕೊಡಲಿ.

ಘಟಪ್ರಭಾ
ಇದನ್ನು ಅರ್ಜಿ ಮಾಡಿ ಮೂರೂ ಜಿಲ್ಲೆಯ ಪ್ರಾಧಿಕಾರಕ್ಕೆ ಕೊಡೋಣ. ಗೋಕಾಕದಿಂದ ಸಹಿ ನಾನು ಕೂಡಿಸುತ್ತೇನೆ.

ಕುಂದಾನಗರಿ
ಬೆಳಗಾವಿಯಲ್ಲಿ ನಾನು. ಕರಡು ಕರಿ ಕೋಟು ಸರ ಬರೆಯಲಿ.

ಕರಿ ಕೋಟು
ಭಾನುವಾರದೊಳಗೆ ಹಾಕುತ್ತೇನೆ.

ಇಂಡಿ ಅಕ್ಕ
ಹದಿನೇಳು ದಿನದ ನಂತರ ಬರೆಯುತ್ತಿದ್ದೇನೆ. ಅರ್ಜಿ ಕೊಟ್ಟೆವು. ಇಂಡಿ ಕೋರ್ಟಿನಲ್ಲಿ ಒಬ್ಬ ಹೆಣ್ಣುಮಗಳು, ಸ್ವಯಂಸೇವಕಿ, ಕೂರಿಸಿಕೊಂಡು ಪೂರ್ತಿ ಬರೆದು ಕೊಟ್ಟರು. ಒಂದು ಪೈಸೆ ಕೇಳಲಿಲ್ಲ. ಅಂಗವಿಕಲತೆಯ ಸರ್ಟಿಫಿಕೇಟಿಗೆ ಮೂರು ಸಲ ಓಡಾಡಿದೆವು, ಅದೂ ಸಿಕ್ಕಿತು. ವಿಜಯಪುರದಲ್ಲಿ ಸ್ವೀಕೃತಿ ಸೀಲ್ ಹಾಕಿದ ಪ್ರತಿ ಕೊಟ್ಟಿದ್ದಾರೆ. ಎರಡು ತಿಂಗಳು ಎಂದು ಮುಗಿಯುತ್ತದೆ ಅಂತ ಕ್ಯಾಲೆಂಡರಿನಲ್ಲಿ ಗುರುತು ಮಾಡಿದ್ದೇನೆ.

ಸಹಿ ಹಾಕುವಾಗ ತಮ್ಮನಿಗೆ ಪೆನ್ ಹಿಡಿಯಲು ಆಗಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದವನು, ಅಕ್ಷರ ಮುತ್ತಿನ ಹಾಗೆ ಇತ್ತು. ಎಡಗೈ ಹೆಬ್ಬೆಟ್ಟು ಒತ್ತಿದ. ಹೊರಗೆ ಬಂದ ಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ನಿವೃತ್ತ ಶಿರಸ್ತೇದಾರ
ತಾಯೀ, ಒಂದು ಕೆಲಸ ಈಗಲೇ ಮಾಡಿ. ಬ್ಯಾಂಕಿನಲ್ಲಿ ಅವನ ಹಳೆಯ ಸಹಿ ಇರುತ್ತದೆ. ಹಣ ಖಾತೆಗೆ ಬಂದ ಮೇಲೆ ತೆಗೆಯಲು ಹೋದರೆ ಸಹಿ ಹೊಂದುವುದಿಲ್ಲ ಅಂತ ನಿಲ್ಲಿಸುತ್ತಾರೆ. ಇದನ್ನು ನಾನು ನೋಡಿದ್ದೇನೆ. ಅಂಗವಿಕಲತೆಯ ಸರ್ಟಿಫಿಕೇಟ್ ತೋರಿಸಿ ಹೆಬ್ಬೆಟ್ಟಿಗೆ ಬದಲಿಸಿಕೊಳ್ಳಿ. ಎಡಗೈಯಲ್ಲಿ ಬರೆಯುವುದು ರೂಢಿಯಾದ ಮೇಲೆ ಮತ್ತೆ ಸಹಿಗೆ ಬದಲಿಸಬಹುದು ಅಂತಲೂ ಅವನಿಗೆ ಹೇಳಿ.

ಇಂಡಿ ಅಕ್ಕ
ಓದಿ ಹೇಳಿದೆ ಕಾಕಾ. ಮಗಳ ಪಾಟಿ ತೆಗೆದುಕೊಂಡು ಎಡಗೈಯಲ್ಲಿ ಹೆಸರು ಬರೆಯುತ್ತಾ ಕುಳಿತಿದ್ದಾನೆ. ನಾಳೆ ಬ್ಯಾಂಕಿಗೆ ಹೋಗುತ್ತೇವೆ.